ಸೀಗಡಿ ಸಿಪ್ಪೆಯ ಪಟ್ಟಿ

ನಾನು ನನ್ನ ಅತ್ತೆಯ ಮೇಲೆ ಕೈಮಾಡಿದ್ದು ಒಂದೇ ಸಲ. ಅದೂ ಹೊಸತೊಡಕಿನ ದಿನ, ಅಂಗಳದಲ್ಲಿ, ದಾಯಾದಿಗಳೆಲ್ಲ ನೋಡುತ್ತಿದ್ದಾಗ. ಯುಗಾದಿಯ ಮರುದಿನ ಏನು ಮಾಡುತ್ತೇವೋ ವರ್ಷವಿಡೀ ಅದನ್ನೇ ಮಾಡುತ್ತಿರುತ್ತೇವೆ ಎಂಬ ನಂಬಿಕೆ ನಮ್ಮ ಕಡೆ ಇದೆ. ಅದಕ್ಕೇ ಆ ದಿನ ಹೊಟ್ಟೆ ಬಿರಿಯುವಷ್ಟು ಬಾಡೂಟ, ಇಸ್ಪೀಟು, ನಗು. ಅವತ್ತು ಯಾರೂ ಅಳಬಾರದು, ಜಗಳ ಆಡಬಾರದು. ನಾನು ಹೊಡೆದೆ. ಅದಕ್ಕೆ ಪಶ್ಚಾತ್ತಾಪ ಇದೆಯಾ ಎಂದು ಕೇಳುವವರಿಗೆ ಈಗಲೇ ಹೇಳಿಬಿಡುತ್ತೇನೆ, ಇಲ್ಲ.

ನಾನು ಹೆಬ್ಬಾಳದ ಹತ್ತಿರದ ಒಂದು ಆಸ್ಪತ್ರೆಯ ಕ್ಯಾಶುವಾಲ್ಟಿಯಲ್ಲಿ ನರ್ಸ್. ಹುಟ್ಟಿ ಬೆಳೆದದ್ದು ಆರ್.ಟಿ. ನಗರದಲ್ಲಿ, ಮದುವೆಯಾಗಿ ಬಂದದ್ದು ಯಲಹಂಕದ ಆಚೆಯ ಒಂದು ಹಳ್ಳಿಗೆ. ಹಳ್ಳಿ ಎನ್ನುವುದು ಬರೀ ಮಾತಿಗೆ. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ನಮ್ಮದೇ ಮೂರು ಮಹಡಿಯ ಕಟ್ಟಡವಿದೆ. ಮೇಲಿನ ಎರಡರಲ್ಲಿ ಬಾಡಿಗೆಯವರು. ಕೆಳಗೆ ಒಂದು ಬಾಗಿಲು ಭಾವನ ಸಂಸಾರದ್ದು, ಇನ್ನೊಂದು ನಮ್ಮದು. ಅತ್ತೆ ನಮ್ಮ ಜೊತೆ. ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಮದುವೆಯಾದ ತಿಂಗಳಿಗೇ ಊರಿಗೆಲ್ಲ ಗೊತ್ತಾಗಿತ್ತು. ಗೊತ್ತು ಮಾಡಿಸಿದವರು ಅತ್ತೆಯೇ. ಕುಡಿದು ಬಂದು ಡಾಕ್ಟರ ಕಾಲರ್ ಹಿಡಿಯುವವರನ್ನು ದಿನಾ ನೋಡುವವಳಿಗೆ ಕೋಪ ಇಲ್ಲದಿದ್ದರೆ ಕೆಲಸ ನಡೆಯುವುದಿಲ್ಲ.

ನನ್ನ ಗಂಡನಿಗೆ ಚಿಕ್ಕಂದಿನಲ್ಲಿ ಕೀಲು ಜ್ವರ ಬಂದು ಹೃದಯದ ಕವಾಟ ಹಾಳಾಗಿತ್ತು. ಈಗ ಅಲ್ಲಿ ಲೋಹದ ಕವಾಟವಿದೆ. ಎದೆಗೆ ಕಿವಿಯಿಟ್ಟರೆ ಗೋಡೆ ಗಡಿಯಾರದ ಹಾಗೆ ಟಿಕ್ ಟಿಕ್ ಎನ್ನುತ್ತದೆ. ಅದಕ್ಕೆ ರಕ್ತ ಹೆಪ್ಪು ಕಟ್ಟಿಕೊಳ್ಳದಂತೆ ದಿನಾ ರಕ್ತ ತೆಳುವಾಗಿಸುವ ಮಾತ್ರೆ. ಗಡ್ಡ ಕೆರೆಯುವಾಗ ಬ್ಲೇಡು ತಾಗಿದರೂ ಟವೆಲ್ ಒದ್ದೆಯಾಗುವಷ್ಟು ರಕ್ತ ಹರಿಯುತ್ತಿತ್ತು. ಸಾಲದ್ದಕ್ಕೆ ಅವರಿಗೆ ಸೀಗಡಿ ಆಗಿಬರುವುದಿಲ್ಲ. ಗೊರಗುಂಟೆಪಾಳ್ಯದ ಹತ್ತಿರ ಒಂದು ರಿಸೆಪ್ಶನ್ ಊಟದಲ್ಲಿ ಗೊತ್ತಿಲ್ಲದೆ ಒಂದು ತುತ್ತು ಸೀಗಡಿ ತಿಂದು ತುಟಿ ಬೋಂಡದಂತೆ ಊದಿಕೊಂಡಿತ್ತು, ಗಂಟಲು ಕಟ್ಟಿ ಉಸಿರು ಸೀಟಿ ಹೊಡೆಯುತ್ತಿತ್ತು. ಆಟೋದಲ್ಲಿ ಅವರ ತಲೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದವರು ಅತ್ತೆ. ನಾನು ನಮ್ಮ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟು ಉಳಿಸಿಕೊಂಡೆ. ಅವತ್ತಿನಿಂದ ಅತ್ತೆ ಮೀನಿನ ಅಂಗಡಿ ಕಂಡರೆ ರಸ್ತೆ ದಾಟಿ ಆ ಬದಿಗೆ ಹೋಗುತ್ತಾರೆ.

ಇಷ್ಟಾದ ಮೇಲೆ ಸೀಗಡಿ ನಮ್ಮ ಮನೆಯೊಳಗೆ ಬಂದದ್ದು ನನ್ನಿಂದ.

ಒಮ್ಮೆ ಔಷಧಿ ಕಂಪನಿಯವನೊಬ್ಬ ಕ್ಯಾಶುವಾಲ್ಟಿಗೆ ಬಂದು ಹೊಸ ಬಗೆಯ ಬ್ಯಾಂಡೇಜ್ ಪಟ್ಟಿಯ ಸ್ಯಾಂಪಲ್ ಹಂಚಿದ. ನೋಡಲು ಗಾಯಕ್ಕೆ ಕಟ್ಟುವ ಮಾಮೂಲಿ ಗಾಜ್ ಬಟ್ಟೆಯಂತೆಯೇ ಇತ್ತು. ಅದಕ್ಕೆ ಸೀಗಡಿ ಸಿಪ್ಪೆಯಿಂದ ತೆಗೆದ ವಸ್ತುವನ್ನು ಹಚ್ಚಿರುತ್ತಾರಂತೆ. ನಮ್ಮ ಡಾಕ್ಟರಮ್ಮನಿಗೆ ಇಂಥದ್ದೆಲ್ಲ ಬಲು ಇಷ್ಟ. ಊಟದ ಡಬ್ಬಿ ಬಿಚ್ಚಿಕೊಂಡೇ ಪಾಠ ಶುರು ಮಾಡಿದರು. ಮೀನು ಕಾರ್ಖಾನೆಯವರು ಬಿಸಾಡುವ ಸಿಪ್ಪೆಯನ್ನು ಆಮ್ಲದಲ್ಲೂ ಕ್ಷಾರದಲ್ಲೂ ತೊಳೆದು ತೊಳೆದು ಆ ವಸ್ತು ತೆಗೆಯುತ್ತಾರೆ; ರಕ್ತ ತಾಗಿದ ಕೂಡಲೇ ಕೆಂಪು ಕಣಗಳು ಅದಕ್ಕೆ ಬಂದು ಅಂಟಿಕೊಂಡು ಗೋಂದಿನ ಹಾಗಾಗಿ ಗಾಯದ ಬಾಯಿ ಮುಚ್ಚುತ್ತವೆ. ರಕ್ತ ತಾನಾಗಿ ಹೆಪ್ಪುಗಟ್ಟಬೇಕೆಂದೇನೂ ಇಲ್ಲ. ಹಾಗೆಯೇ ಮಾತು ಸಮುದ್ರದ ತಳಕ್ಕಿಳಿಯಿತು. ಕ್ಯಾನ್ಸರಿಗೆ ಕೊಡುವ ಒಂದು ಇಂಜೆಕ್ಷನ್ನಿನ ಮೂಲ ಬಂಡೆಗೆ ಅಂಟಿಕೊಂಡಿರುವ ಸ್ಪಂಜು ಪ್ರಾಣಿ. ಯಾವ ಮಾತ್ರೆಗೂ ಬಗ್ಗದ ನೋವಿಗೆ ಬೆನ್ನುಹುರಿಯ ಹತ್ತಿರ ಬಿಡುವ ಔಷಧಿ ಒಂದು ಬಸವನಹುಳುವಿನ ವಿಷದಿಂದ ಬಂದದ್ದು. ಆ ಹುಳು ಮೀನಿಗೆ ಮುಳ್ಳು ಚುಚ್ಚಿ, ಮರಗಟ್ಟಿಸಿ, ಇಡಿಯಾಗಿ ನುಂಗುತ್ತದಂತೆ.

"ಓಡಕ್ಕಾಗ್ದೇ ಇರೋದೆಲ್ಲ ವಿಷ ಇಟ್ಕೊಂಡಿರತ್ತೆ ಕಣಮ್ಮ," ಎಂದರು ಡಾಕ್ಟರಮ್ಮ, ಮೊಸರನ್ನ ಕಲಸುತ್ತ.

ನನಗೆ ತಟ್ಟನೆ ಅತ್ತೆಯ ನೆನಪಾಯಿತು. ಆಮೇಲೆ ನನ್ನದೂ.

ನನ್ನ ಕಿವಿ ನೆಟ್ಟಗಾದದ್ದು ಒಂದು ಮಾತಿಗೆ: ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರಿಗೂ ಈ ಪಟ್ಟಿ ಕೆಲಸ ಮಾಡುತ್ತದೆ. ನನ್ನ ಗಂಡನಿಗೆಂದೇ ಮಾಡಿಸಿದ ಹಾಗಿತ್ತು! ಒಂದು ಪೊಟ್ಟಣ ಬ್ಯಾಗಿಗೆ ಹಾಕಿಕೊಂಡೆ. ಬಸ್ಸಿನಲ್ಲಿ ಕೂತು ಅದರ ಹಿಂಬದಿ ಓದಿದರೆ, ಸೀಗಡಿ ಆಗದವರು ಎಚ್ಚರಿಕೆ ವಹಿಸಬೇಕು ಎಂದು ಬರೆದಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಇದಕ್ಕೇ. ಮಾರನೇ ದಿನ ಡಾಕ್ಟರಮ್ಮನನ್ನು ಹಿಡಿದು ಕೇಳಿದೆ. ಅಲರ್ಜಿ ಸಾಮಾನ್ಯವಾಗಿ ಸೀಗಡಿಯ ಮಾಂಸಕ್ಕೆ, ಸಿಪ್ಪೆಗಲ್ಲ. ಅಷ್ಟು ತೊಳೆದ ಮೇಲೆ ಮಾಂಸದ ಅಂಶ ಉಳಿಯುವುದೂ ಕಷ್ಟ ಎಂದರು. ಆದರೆ ನಿನ್ನ ಗಂಡನ ವಿಷಯದಲ್ಲಿ ನಾನು ಆಣೆ ಮಾಡಲ್ಲ ಎಂದೂ ಸೇರಿಸಿದರು.

"ಹಾಗಾದ್ರೆ ಹಾಕ್ಬಹುದೋ, ಹಾಕ್ಬಾರದೋ ಮೇಡಂ?"

"ಸಾಯ್ತಿದ್ರೆ ಹಾಕು. ಇಲ್ದಿದ್ರೆ ಹಾಕ್ಬೇಡ."

ಮನೆಯಲ್ಲಿ ಆ ಪೊಟ್ಟಣವನ್ನು ಫ್ರಿಜ್ಜಿನ ಮೇಲಿನ ಸ್ಟೀಲ್ ಡಬ್ಬಿಯಲ್ಲಿಟ್ಟು ಅತ್ತೆಗೆ ಸ್ಪಷ್ಟವಾಗಿ ಹೇಳಿದೆ. ಇದು ಸೀಗಡಿ ಸಿಪ್ಪೆಯಿಂದ ಮಾಡಿದ್ದು, ಯಾರಿಗಾದರೂ ದೊಡ್ಡ ಗಾಯವಾದರೆ ಆಗುತ್ತದೆ, ನಿಮ್ಮ ಮಗನಿಗೆ ಮಾತ್ರ ಮುಟ್ಟಿಸಬೇಡಿ. ಡಾಕ್ಟರಮ್ಮನ ಮಾತಿನ ಮೊದಲರ್ಧವನ್ನು ಹೇಳಲಿಲ್ಲ. ಸಾಯುವ ಮಾತು ಮನೆಯಲ್ಲಿ ಯಾಕೆ ಎಂದು ಬಿಟ್ಟೆ. ಅತ್ತೆ ಡಬ್ಬಿಯ ಮುಚ್ಚಳವನ್ನು ಎರಡೆರಡು ಸಲ ಒತ್ತಿ ಮುಚ್ಚಿದರು.

ಹೊಸತೊಡಕಿಗೆ ನಮ್ಮಲ್ಲಿ ಗುಡ್ಡೆ ಮಾಂಸ. ದಾಯಾದಿ ಮನೆಗಳೆಲ್ಲ ಸೇರಿ ಕುರಿಗಳನ್ನು ತಂದು ಕೊಯ್ದು, ಟಾರ್ಪಾಲಿನ ಮೇಲೆ ಬಾಳೆಲೆ ಹಾಸಿ, ಮನೆಗೊಂದರಂತೆ ಮಾಂಸದ ಗುಡ್ಡೆ ಹಾಕುತ್ತಾರೆ. ಮೂಳೆ, ಮೆತ್ತನೆ ಮಾಂಸ, ಕೊಬ್ಬು, ಬೋಟಿ, ಲಿವರ್, ಎಲ್ಲದರ ಪಾಲೂ ಎಲ್ಲ ಗುಡ್ಡೆಯಲ್ಲೂ ಇರಬೇಕು. ಗುಡ್ಡೆ ಹಾಕುವವನು ಎಲ್ಲರೂ ಎತ್ತಿಕೊಂಡ ಮೇಲೆ ಉಳಿದದ್ದನ್ನು ತಾನು ತೆಗೆದುಕೊಳ್ಳಬೇಕು, ಅಲ್ಲಿಯವರೆಗೆ ಒಂದು ತೊಟ್ಟೂ ಕುಡಿಯಬಾರದು. ಗುಡ್ಡೆಯಲ್ಲಿ ಮೋಸ ಮಾಡಿದ ಎನಿಸಿಕೊಂಡವನಿಗೆ ಆಮೇಲೆ ಊರಿನಲ್ಲಿ ಮರ್ಯಾದೆ ಇಲ್ಲ. ನಮ್ಮ ಮಾವ ತೀರಿಕೊಂಡ ಮೇಲೆ ಆ ಕೆಲಸ ಭಾವನದು. ಅವತ್ತೂ ಹೊಂಗೆ ಮರದ ಕೆಳಗೆ ಮಣೆಯ ಮೇಲೆ ಕೂತು, ಎದುರಿಗೆ ಕೊರಡು ಇಟ್ಟುಕೊಂಡು, ಮಚ್ಚಿನಿಂದ ಕಡಿಯುತ್ತಿದ್ದರು. ಮೊಣಕೈವರೆಗೆ ರಕ್ತ. ಮೇಲಿನ ಮಹಡಿಯ ಬಾಡಿಗೆಯವರು ಮೂಗು ಮುಚ್ಚಿಕೊಂಡು ಬಾಲ್ಕನಿಯಿಂದ ನೋಡುತ್ತಿದ್ದರು. ನಾನು ಬಾಗಿಲಲ್ಲಿ ಮಸಾಲೆಗೆ ಈರುಳ್ಳಿ ಸುಲಿಯುತ್ತಿದ್ದೆ.

ನನ್ನ ಗಂಡ ಬೇಸಿನ್ ಹಿಡಿದು ಬಂದರು. ಬೆಳಗ್ಗೆಯೇ ಎರಡು ಪೆಗ್ ಇಳಿದಿತ್ತು. ನಮ್ಮ ಗುಡ್ಡೆಯನ್ನು ಬೆರಳಿನಿಂದ ಕೆದಕಿ ನೋಡಿದರು.

"ಲಿವರ್ ಎಲ್ಲಣ್ಣ?"

"ಇರೋದನ್ನ ತಗೊಂಡ್ ಓಗು," ಎಂದರು ಭಾವ, ತಲೆಯೆತ್ತದೆ.

"ಎಲ್ರ ಗುಡ್ಡೇಲೂ ಐತೆ. ನನ್ ಗುಡ್ಡೇಲಿ ಮಾತ್ರ ಇಲ್ಲ."

"ಓಗೋ ಅಂದ್ನಲ್ಲ. ಅಬ್ಬದ ದಿನ ತಲೆ ತಿನ್ಬ್ಯಾಡ."

"ಜಮೀನು ಪಾಲು ಮಾಡ್ದಾಗ್ಲೂ ಇಂಗೇ ತಾನೇ ಮಾಡಿದ್ದು ನೀನು? ರೋಡ್ ಕಡೇದು ನಿಂಗೆ, ಮೋರಿ ಕಡೇದು ನಂಗೆ!"

ದಾಯಾದಿಗಳ ಎದುರಿಗೆ ಆ ಮಾತು ಬಿದ್ದಾಗ ಭಾವನ ಕೈ ನಿಂತಿತು. ಇವರು ಅಷ್ಟಕ್ಕೆ ಬಿಡಲಿಲ್ಲ. ಗುಡ್ಡೆಯನ್ನು ಕಾಲಿನಿಂದ ಒದ್ದರು. ಮಾಂಸದ ಚೂರುಗಳು ಹಾರಿ ಭಾವನ ಮುಖಕ್ಕೆ, ಬಾಯಿಗೆ ಬಡಿದವು. ಭಾವ ಕೂತಲ್ಲಿಂದಲೇ ಕೈ ಬೀಸಿದರು. ಕೈಯಲ್ಲಿ ಮಚ್ಚಿತ್ತು. ಕೊಲ್ಲಬೇಕೆಂದು ಬೀಸಿದರೋ, ಆಚೆ ಹೋಗು ಎಂದು ಬೀಸಿದರೋ, ಅವರಿಗೇ ಗೊತ್ತಿರಲಿಕ್ಕಿಲ್ಲ. ಅದು ನನ್ನ ಗಂಡನ ತೊಡೆಯ ಮೇಲ್ಭಾಗಕ್ಕೆ, ಸಂದಿನ ಹತ್ತಿರ ಹೊಕ್ಕಿತು. ಕೊರಡಿನ ಮೇಲೆ ಇಷ್ಟು ಹೊತ್ತು ಕೇಳುತ್ತಿದ್ದ ಸದ್ದೇ ಅಲ್ಲೂ ಬಂತು.

ಮೊದಲು ಯಾರಿಗೂ ತಿಳಿಯಲಿಲ್ಲ, ಅಲ್ಲಿ ಎಲ್ಲ ಕಡೆ ರಕ್ತವೇ ಇತ್ತು. ಇವರು ಕುಸಿದು ಟಾರ್ಪಾಲಿನ ಮೇಲೆ ಬಿದ್ದಾಗ ಪಂಚೆ ತೊಡೆಯ ಬುಡದಿಂದ ಕೆಂಪಾಗುತ್ತ ಬಂತು. ದಾಯಾದಿಗಳು ಭಾವನ ಮೇಲೆ ಮುಗಿಬಿದ್ದರು. ಒಬ್ಬ ಮಣೆ ಕಿತ್ತುಕೊಂಡು ಅದರಿಂದಲೇ ಅವರ ಮುಖಕ್ಕೆ ಹೊಡೆದ. ಭಾವ ಕೈ ಅಡ್ಡ ಹಿಡಿಯಲಿಲ್ಲ. ನಾನು ಈರುಳ್ಳಿ ಎಸೆದು ಓಡಿ ಇವರ ತೊಡೆಸಂದಿಗೆ ಮುಷ್ಟಿ ಊರಿ ಮೈಭಾರವೆಲ್ಲ ಹಾಕಿದೆ. ಕೈಗಾಗಲಿ ಮೊಣಕಾಲಿಗಾಗಲಿ ಆಗಿದ್ದರೆ ಮೇಲೆ ಬಿಗಿಯಾಗಿ ಬಟ್ಟೆ ಕಟ್ಟಬಹುದಿತ್ತು. ಈ ಜಾಗದಲ್ಲಿ ಎಲ್ಲಿಗೆ ಕಟ್ಟುವುದು?

ಅಷ್ಟರಲ್ಲಿ ಅತ್ತೆ ಕಾಫಿಪುಡಿ ಡಬ್ಬಿ ಹಿಡಿದು ಬಂದರು. ಕುಡುಗೋಲು ತಾಗಲಿ, ಈಳಿಗೆ ತಾಗಲಿ, ನಮ್ಮ ಕಡೆ ಗಾಯಕ್ಕೆ ಕಾಫಿಪುಡಿ ಒತ್ತುವುದು ವಾಡಿಕೆ. ಅತ್ತೆ ನನ್ನ ಕೈ ಸರಿಸಿ ಮುಷ್ಟಿಮುಷ್ಟಿ ಪುಡಿ ತುರುಕಿದರು. ಇವರು ಅರಚಿದ್ದಕ್ಕೆ ಮೇಲಿನ ಬಾಲ್ಕನಿ ಖಾಲಿಯಾಯಿತು. ಪುಡಿ ಕೆಸರಾಗಿ ಬೆರಳ ಸಂದಿಯಿಂದ ಹೊರಗೆ ಹರಿದು ಬಂತು. ಹೆಪ್ಪುಗಟ್ಟದ ರಕ್ತಕ್ಕೆ ಕಾಫಿಪುಡಿ ಏನು ಮಾಡೀತು? ಇವರ ಮುಖದ ಬಣ್ಣ ಹೋಗುತ್ತಿತ್ತು. ಕ್ಯಾಶುವಾಲ್ಟಿಯಲ್ಲಿ ಆ ಬಣ್ಣ ಕಂಡಾಗಲೆಲ್ಲ ನಾವು ಮನೆಯವರನ್ನು ಹೊರಗೆ ಕಳಿಸುತ್ತೇವೆ. ಇಲ್ಲಿ ಮನೆಯವಳು ನಾನೇ.

ಒಬ್ಬ ದಾಯಾದಿಯ ಕೈ ಎಳೆದು ಗಾಯದ ಮೇಲೆ ಒತ್ತಿಸಿ, ಒಳಗೆ ಓಡಿ ಫ್ರಿಜ್ಜಿನ ಮೇಲಿನ ಡಬ್ಬಿ ತಂದೆ. ಅತ್ತೆ ನೋಡಿದ ಕೂಡಲೇ ಗುರುತು ಹಿಡಿದರು.

"ಅದು ಸೀಗಡೀದಲ್ವೇನೇ?"

"ಬಿಡಿ ಅತ್ತೆ, ಹೊತ್ತಿಲ್ಲ."

"ನೀನೇ ಏಳಿದ್ದೆ, ಇವ್ನಿಗೆ ಮುಟ್ಟಿಸ್ಬ್ಯಾಡ ಅಂತ! ಬಾಯಿ ಊದ್ಕೊಂಡು ಸತ್ತೋಯ್ತಾನೆ ಕಣೇ!"

"ಈಗ್ಲೂ ಸಾಯ್ತಾನೇ ಇದಾರೆ!"

ಅತ್ತೆ ನನ್ನ ಕೈಯಿಂದ ಪೊಟ್ಟಣ ಕಿತ್ತುಕೊಂಡರು. ನಾನು ಎಳೆದೆ, ಅವರು ಬಿಡಲಿಲ್ಲ. ಆ ಮುದುಕಿಯ ಕೈಯಲ್ಲಿ ಎಂಥ ಬಲ ಅವತ್ತು! ನನ್ನ ಮುಂಗೈ ಕಚ್ಚಿದರು, ಹಲ್ಲು ಚರ್ಮದೊಳಕ್ಕೆ ಇಳಿಯಿತು; ಆ ಗುರುತು ಈಗಲೂ ಇದೆ. ಆಗ ಹೊಡೆದೆ, ಕೆನ್ನೆಗೆ, ರಕ್ತ ಮೆತ್ತಿದ ಕೈಯಲ್ಲೇ, ಇದ್ದ ಶಕ್ತಿಯೆಲ್ಲ ಹಾಕಿ. ಅವರು ಮಾಂಸದ ಗುಡ್ಡೆಯ ಮೇಲೆ ಉರುಳಿದರು, ಪೊಟ್ಟಣ ಮಾತ್ರ ಬಲಗೈಯಲ್ಲಿ ಹಾಗೇ ಇತ್ತು. ನಾನು ಮೇಲೆ ಬಿದ್ದು ಆ ಮಣಿಕಟ್ಟು ಹಿಡಿದು ತಿರುಚಿದೆ. ಒಣ ಕಡ್ಡಿ ಮುರಿದ ಹಾಗೆ ಸದ್ದಾಯಿತು, ಬೆರಳು ಬಿಚ್ಚಿಕೊಂಡವು.

ಗಾಯದೊಳಗಿನ ಕಾಫಿಪುಡಿಯನ್ನು ಬೆರಳು ಹಾಕಿ ತೋಡಿ ತೆಗೆದೆ. ಇವರು ನನಗೆ ಬೈಯುತ್ತಿದ್ದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ಪಟ್ಟಿಯನ್ನು ಇಂಚಿಂಚಾಗಿ ಒಳಕ್ಕೆ, ರಕ್ತ ಚಿಮ್ಮುತ್ತಿದ್ದ ಬುಡಕ್ಕೇ ತುರುಕಿ, ಮೇಲೆ ಗೆಣ್ಣು ಊರಿ ಕೂತೆ. ಕೈ ಗಾಯದ ಮೇಲೆ, ಕಣ್ಣು ಅವರ ತುಟಿಯ ಮೇಲೆ. ಗಾಯದಲ್ಲಿ ಒಂದು ಸಾವನ್ನು ತಡೆಯುತ್ತ ಅದೇ ಗಾಯದಿಂದ ಇನ್ನೊಂದನ್ನು ನಾನೇ ಒಳಗೆ ಬಿಟ್ಟಿದ್ದೇನೋ ಏನೋ! ಸೀಗಡಿ ತಿಂದ ದಿನ ಮೊದಲು ಕೆಳತುಟಿ ಊದಿತ್ತು. ಕೆಳತುಟಿಯನ್ನೇ ನೋಡಿದೆ. ಹಾಗೆ ಭಯಪಟ್ಟದ್ದು ನನಗೆ ಅದೇ ಮೊದಲು. ನಿಧಾನಕ್ಕೆ ಗೆಣ್ಣಿನ ಕೆಳಗೆ ಬಿಸಿ ಹರಿಯುವುದು ಕಡಿಮೆಯಾಯಿತು. ಪಟ್ಟಿ ಅಂಟಂಟಾಗಿ ಗಟ್ಟಿಯಾಗುತ್ತ ಬಂತು. ತುಟಿ ತುಟಿಯ ಹಾಗೇ ಇತ್ತು.

ಆಂಬುಲೆನ್ಸ್ ಕಾಯುವ ಧೈರ್ಯ ನನಗಿರಲಿಲ್ಲ. ಕಾರುಗಳಿಗೇನೂ ಕಡಿಮೆ ಇರಲಿಲ್ಲ, ಆದರೆ ಓಡಿಸುವವರೆಲ್ಲ ಕುಡಿದಿದ್ದರು. ಕುಡಿಯದೆ ಇದ್ದವರು ಒಬ್ಬರೇ, ಗುಡ್ಡೆ ಹಾಕಿದವರು. ಭಾವ ಒಂದು ಕಣ್ಣು ಮುಚ್ಚಿಹೋದ ಮುಖದಲ್ಲಿ ಸ್ಟಿಯರಿಂಗ್ ಹಿಡಿದರು. ಹಿಂದಿನ ಸೀಟಿನಲ್ಲಿ ಇವರನ್ನು ಮಲಗಿಸಿ ನಾನು ಕೆಳಗೆ ಮಂಡಿಯೂರಿ ಒತ್ತಿ ಹಿಡಿದಿದ್ದೆ. ಯಾರೂ ಕರೆಯದೆಯೇ ಅತ್ತೆ ಮುಂದಿನ ಸೀಟಿನಲ್ಲಿ ಬಂದು ಕೂತಿದ್ದರು, ಜೋತುಬಿದ್ದ ಕೈಯನ್ನು ಮಡಿಲಲ್ಲಿಟ್ಟುಕೊಂಡು. ದಾರಿಯುದ್ದಕ್ಕೂ ಹಿಂದೆ ತಿರುಗಿ ಮಗನ ಬಾಯಿಯನ್ನೇ ನೋಡುತ್ತಿದ್ದರು. ನಾನೂ ಅದನ್ನೇ ನೋಡುತ್ತಿದ್ದೆ.

ಬಳ್ಳಾರಿ ರಸ್ತೆಯಲ್ಲಿ ಹೆಬ್ಬಾಳದ ಫ್ಲೈಓವರ್ ಹತ್ತಿರ ಬರುವಷ್ಟರಲ್ಲಿ ಗಾಡಿಗಳು ನಿಂತುಬಿಟ್ಟವು. ಭಾವ ಹಾರನ್ ಒತ್ತಿ ಒತ್ತಿ, ಕಿಟಕಿಯಿಂದ ತಲೆ ಹೊರಗೆ ಹಾಕಿ ದಾರಿ ಬಿಡಿ ಎಂದು ಕಂಡಕಂಡವರಿಗೆಲ್ಲ ಬೈದರು. ಆಮೇಲೆ ಸ್ಟಿಯರಿಂಗ್‌ಗೆ ಹಣೆ ಚಚ್ಚಿಕೊಂಡು ದೊಡ್ಡ ದನಿಯಲ್ಲಿ ಅತ್ತರು.

"ಅವ್ವನೇ ಏಳಿದ್ಲು ಕಣೋ! ನಿಂಗೆ ಲಿವರ್ ಕೊಡ್ಬ್ಯಾಡ, ಮಾತ್ರೆ ಕೆಲ್ಸ ಮಾಡಕ್ಕಿಲ್ಲ, ಡಾಕ್ಟ್ರು ಬ್ಯಾಡ ಅಂದವ್ರೆ ಅಂತ. ನಿನ್ ಪಾಲಿಂದು ಬ್ಯಾರೆ ಎತ್ತಿಟ್ಟು ಅದ್ರ ಬದ್ಲು ತೊಡೆ ಮಾಂಸ ಜಾಸ್ತಿ ಆಕಿದ್ದೆ. ನೋಡ್ಲಿಲ್ವಲ್ಲೋ ನೀನು!"

ಲಿವರ್ ಬೇಡ ಎಂದು ಡಾಕ್ಟರು ಹೇಳಿದ್ದು ನಿಜ. ಅತ್ತೆ ಅದನ್ನು ದೊಡ್ಡ ಮಗನ ಕಿವಿಗೆ ಹಾಕಿದ್ದು ನನಗೇ ಗೊತ್ತಿರಲಿಲ್ಲ. ಎಲ್ಲರ ಎದುರು ತಮ್ಮನ ಕಾಯಿಲೆಯ ಮಾತೆತ್ತಬಾರದೆಂದು ಭಾವ ಬಾಯಿ ಬಿಟ್ಟಿರಲಿಲ್ಲ. ಇವರು ಕಣ್ಣು ಮುಚ್ಚಿಕೊಂಡೇ ಒಣ ತುಟಿ ಆಡಿಸಿದರು.

"ಮೊದ್ಲೇ ಏಳಕ್ಕೇನಾಗಿತ್ತೋ ನಿಂಗೆ, ಬೋಳೀಮಗನೇ."

ಅವ್ವ ಎದುರಿಗೇ ಕೂತಿದ್ದರೂ ಆ ಬೈಗುಳಕ್ಕೆ ಅವತ್ತು ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ಮಾತು ಬಂತಲ್ಲ, ಗಂಟಲು ಕಟ್ಟಿಲ್ಲ ಎಂದು ನನಗೆ ಅಳು ಬಂತು.

ಆಸ್ಪತ್ರೆಯಲ್ಲಿ ಸರ್ಜನ್ ಹರಿದ ರಕ್ತನಾಳವನ್ನು ಹೊಲಿದರು. ಡಾಕ್ಟರಮ್ಮ ಹೊರಗೆ ತೆಗೆದಿದ್ದ ಪಟ್ಟಿಯನ್ನು ಇಕ್ಕಳದಲ್ಲಿ ಎತ್ತಿ ಹಿಡಿದು ನೋಡಿ, ಆಮೇಲೆ ನನ್ನ ಮುಖ ನೋಡಿ, "ಬಾಯಿ ಊದ್ಲಿಲ್ಲ ಅಲ್ವಾ?" ಎಂದಷ್ಟೇ ಕೇಳಿದರು. ಮಚ್ಚಿನ ಗಾಯ ಎಂದ ಮೇಲೆ ಪೊಲೀಸಿನವರು ಬಂದೇ ಬರುತ್ತಾರೆ. ಪ್ರಜ್ಞೆ ಬಂದ ಮೇಲೆ ಇವರು, ಮಾಂಸ ಕೊಯ್ಯುವ ಕಡೆ ಕಾಲು ಜಾರಿ ನಾನೇ ಮಚ್ಚಿನ ಮೇಲೆ ಬಿದ್ದೆ ಎಂದರು. ಆಮೇಲೆ ಪೇದೆ ಪಕ್ಕದ ಮಂಚದಲ್ಲಿ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಕೂತಿದ್ದ ಅತ್ತೆಯನ್ನು ಕೇಳಿದ.

"ನಿಮ್ದೂ ಕಾಲು ಜಾರಿದ್ದಾ ಅಜ್ಜಿ?"

"ನಂದ್ಯಾಕೆ ಜಾರ್ತೈತೆ? ನನ್ ಸೊಸೆ ಒಡೆದ್ಲು. ಓ ಅಲ್ಲವ್ಳೆ ನೋಡು."

ನನ್ನ ಜೊತೆ ಕೆಲಸ ಮಾಡುವವರೆಲ್ಲ ತಿರುಗಿ ನೋಡಿದರು. ಪೇದೆ ಕಂಪ್ಲೇಂಟ್ ಕೊಡುತ್ತೀರಾ ಎಂದ. "ಕಂಪ್ಲೇಂಟ್ ಯಾಕೆ? ನೀನು ಕೇಳ್ದೆ, ನಾನು ಏಳ್ದೆ," ಎಂದು ಅತ್ತೆ ಆ ಕಡೆ ತಿರುಗಿಕೊಂಡರು.

ಇವರು ಕುಂಟುತ್ತ ಕುಂಟುತ್ತ ಸುಧಾರಿಸಿಕೊಂಡರು. ಅಣ್ಣತಮ್ಮಂದಿರು ರಾಜಿಯಾಗಿ ಮಾತಾಡತೊಡಗಿದರು, ಮೊದಲಿಗಿಂತ ಹೆಚ್ಚೇ. ಅತ್ತೆಯ ಮಣಿಕಟ್ಟು ಸ್ವಲ್ಪ ಸೊಟ್ಟಗೆ ಕೂಡಿಕೊಂಡಿತು, ಬಲಗೈಯಲ್ಲಿ ಮುದ್ದೆ ತೊಳಸಲು ಆಗುವುದಿಲ್ಲ. ತೊಳಸುವವಳು ನಾನು. ಅವರು ಪಕ್ಕದಲ್ಲಿ ನಿಂತು ಗಂಟಾಯಿತು, ನೀರಾಯಿತು ಎಂದು ಪಾತ್ರೆಗೆ ಹೇಳುತ್ತಿದ್ದರು, ನನಗಲ್ಲ. ವರ್ಷಪೂರ್ತಿ ನನ್ನ ಮುಖ ನೋಡಿ ಆಡಿದ ಮಾತು ಕಡಿಮೆ. ನಾನೂ ಹೋಗಿ ಕಾಲು ಹಿಡಿಯಲಿಲ್ಲ. ನಾನು ಹೊಡೆಯದೆ ಇದ್ದಿದ್ದರೆ ಅವರ ಮಗ ಇರುತ್ತಿರಲಿಲ್ಲ ಎಂಬ ಗರ್ವ ನನಗಿತ್ತು.

ಮರುವರ್ಷದ ಹೊಸತೊಡಕಿಗೆ ಭಾವ ಗುಡ್ಡೆ ಹಾಕಿ ಎದ್ದು ನಿಂತು, ಊರಿಗೆಲ್ಲ ಕೇಳುವ ಹಾಗೆ ಕೂಗಿದರು. "ಇದು ನನ್ ತಮ್ಮಂದು! ಇದ್ರಾಗೆ ಲಿವರ್ ಇಲ್ಲ! ಅವನ್ ಎಂಡ್ರ ಪಾಲಿಂದು ಬ್ಯಾರೆ ಕೊಟ್ಟಿವ್ನಿ!" ಎಲ್ಲರೂ ನಕ್ಕರು, ಇವರೂ ನಕ್ಕರು.

ಅಡುಗೆಮನೆಯಲ್ಲಿ ಅತ್ತೆ ಆ ಲಿವರನ್ನು ಮೆಣಸು ಹಾಕಿ ಹುರಿಯುತ್ತಿದ್ದರು. ನಾನು ಎಲೆ ತೊಳೆಯುತ್ತಿದ್ದೆ. ಒಲೆಯ ಕಡೆಯೇ ಮುಖ ಮಾಡಿಕೊಂಡು ಕೇಳಿದರು.

"ಅವತ್ತು ನಿಂಗೆ ಗೊತ್ತಿತ್ತಾ? ಆ ಸೀಗಡಿ ಪಟ್ಟಿ ಅವ್ನಿಗೆ ಏನೂ ಮಾಡಕ್ಕಿಲ್ಲ ಅಂತ?"

ಗೊತ್ತಿತ್ತು ಎಂದುಬಿಡಬಹುದಿತ್ತು. ವರ್ಷವೆಲ್ಲ ಅವರು ಹಾಗೇ ಅಂದುಕೊಂಡಿದ್ದರು. ನರ್ಸು, ಓದಿದವಳು, ತಿಳಿದೇ ಹಾಕಿದಳು ಎಂದು.

"ಇಲ್ಲ ಅತ್ತೆ," ಎಂದೆ. "ಗೊತ್ತಿರ್ಲಿಲ್ಲ."

ಅತ್ತೆ ಸೌಟು ಕೆಳಗಿಟ್ಟರು. ಹತ್ತಿರ ಬಂದು, ನೆಟ್ಟಗಿದ್ದ ಎಡಗೈಯಲ್ಲಿ ನನ್ನ ಕೆನ್ನೆಗೆ ಒಂದು ಬಾರಿಸಿದರು. ಕಿವಿ ಗುಂಯ್ ಎಂದಿತು. ತೊಳೆದ ಎಲೆ ಕೈಜಾರಿ ನೆಲಕ್ಕೆ ಬಿತ್ತು. ಅವರ ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯುತ್ತಿತ್ತು, ಅದನ್ನು ಒರೆಸಿಕೊಳ್ಳಲಿಲ್ಲ. ಅವತ್ತಿನ ಭಯವನ್ನು ಒಂದು ವರ್ಷದ ಮೇಲೆ ಅವರು ಮತ್ತೆ ಪಡುತ್ತಿದ್ದರು. ಅದನ್ನು ನಾನೂ ಅವತ್ತು ಪಟ್ಟಿದ್ದೆನೆಂದು ಅವರಿಗೆ ಗೊತ್ತಾದದ್ದು ಈಗ.

"ಇವತ್ತು ಹೊಸತೊಡಕು," ಎಂದೆ, ಕೆನ್ನೆ ಹಿಡಿದುಕೊಂಡು. "ಇನ್ನು ವರ್ಷವೆಲ್ಲ ಹೊಡೀತೀರಾ?"

"ಬೇಕಾದ್ರೆ ಒಡೀತೀನಿ," ಎಂದರು. ಬಾಣಲೆಯಿಂದ ಲಿವರಿನ ದೊಡ್ಡ ತುಂಡೊಂದನ್ನು ಎಡಗೈಯಲ್ಲೇ ತಟ್ಟೆಗೆ ಹಾಕಿ ನನ್ನ ಮುಂದೆ ತಳ್ಳಿದರು. "ತಿನ್ನು, ಆರೋಯ್ತದೆ. ಆ ಪಟ್ಟಿ ಇನ್ನೊಂದು ತಂದಿಟ್ಟಿದೀಯಾ?"

ತಂದಿಟ್ಟಿದ್ದೇನೆ, ಫ್ರಿಜ್ಜಿನ ಮೇಲೆ ಅದೇ ಡಬ್ಬಿಯಲ್ಲಿದೆ ಎಂದೆ.